ದುರಗವ್ವ ದೀಪ ಹಚ್ಚುತ್ತಿದ್ದ ಕಂಬ

ಹೋದ ತಿಂಗಳು ಶಿಗ್ಗಾಂವಿಯಲ್ಲಿ ಬಳಗದವರ ಮದುವೆಯಿತ್ತು. ಊಟ ಮುಗಿಸಿ ಸವಣೂರಿನ ಮೇಲೆ ಹಾಯ್ದು ಹೋಗುವ ಬಸ್ಸು ಹತ್ತಿದೆ. ಸವಣೂರು ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ನನ್ನ ಕಿಟಕಿಯ ಎದುರಿಗೇ ಒಂದು ಫ್ಲೆಕ್ಸು. ಬಿಳಿ ಅಂಗಿ ತೊಟ್ಟು ಕೈಮುಗಿದು ನಗುತ್ತಿರುವ ಯಜಮಾನರೊಬ್ಬರ ಆಳೆತ್ತರದ ಚಿತ್ರ. ಕೆಳಗೆ ಕೆಂಪಕ್ಷರದಲ್ಲಿ, ‘ಸಮಾಜದ ದೀಪಸ್ತಂಭಕ್ಕೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು.’

ನನ್ನ ಮುಖ ಏನಾಯಿತೋ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, “ಯಾಕ್ರೀ ಅಕ್ಕಾರ, ವಾಂತಿ ಬಂದಂಗ ಆತೇನ್ರಿ? ನೀರ ಕುಡೀತೀರೇನು?” ಎಂದು ಬಾಟಲಿಯ ಮುಚ್ಚಳ ತೆಗೆದಳು.

ನನಗೆ ಬಂದದ್ದು ವಾಂತಿಯಲ್ಲ, ಸಿಟ್ಟು. ಅದೂ ಹೊಸ ಸಿಟ್ಟಲ್ಲ. ಆ ಮುಖವನ್ನು ನಾನು ಬಲ್ಲೆ. ಆ ಮಾತನ್ನು ಇನ್ನೂ ಚೆನ್ನಾಗಿ ಬಲ್ಲೆ. ಒಂದು ಇಡೀ ಬೇಸಿಗೆ ಆ ಒಂದೇ ಮಾತಿನ ಸುತ್ತ ತಿರುಗಿದ್ದೇನೆ. ಕೊನೆಗೆ ಆ ಮಾತು ಒಬ್ಬಳ ಪ್ರಾಣ ತೆಗೆದದ್ದನ್ನು ಹೊಳೆಯ ದಂಡೆಯಲ್ಲಿ ನಿಂತು ನೋಡಿದ್ದೇನೆ.

ನಾನು ಹಂಸಭಾವಿಯವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕೆಲವು ವರ್ಷ ವರದಾ ಹೊಳೆಯ ದಂಡೆಯ ಕಡವಿನಕೊಪ್ಪ ಎಂಬ ಊರಿನಲ್ಲಿದ್ದೆ. ಸವಣೂರಿಗೆ ಹೋಗಬೇಕಾದರೆ ಅಲ್ಲಿಯವರು ಹೊಳೆ ದಾಟಬೇಕು. ದಾಟಲು ಇದ್ದದ್ದು ಒಂದು ತಗ್ಗಿನ ಸೇತುವೆ. ಅದಕ್ಕೆ ಕಟಕಟೆ ಇರಲಿಲ್ಲ. ಬೇಸಿಗೆಯಲ್ಲಿ ಅದರ ಕೆಳಗೆ ಎಮ್ಮೆಗಳು ಮಲಗಿರುತ್ತಿದ್ದವು. ಮಳೆಗಾಲದಲ್ಲಿ ನೀರು ಏರಿದರೆ ಸೇತುವೆ ಅಲ್ಲಿತ್ತೆಂಬುದೇ ಗೊತ್ತಾಗುತ್ತಿರಲಿಲ್ಲ.

ಸೇತುವೆ ಊರಿಗೆ ಬಂದು ಮುಟ್ಟುವಲ್ಲಿ ಒಂದು ಕಲ್ಲಿನ ಕಂಬವಿತ್ತು. ಎರಡಾಳು ಎತ್ತರ. ಬುಡದಲ್ಲಿ ಕಮಲದ ಕೆತ್ತನೆ. ತುದಿಯಲ್ಲಿ ನಾಲ್ಕೂ ಕಡೆ ತೆರೆದ ಗೂಡು, ಗೂಡಿನ ಮೇಲೆ ಗಾರೆಯ ಒಂದು ಗುಂಡನೆ ಟೊಪ್ಪಿಗೆ. ಯಾವ ಕಾಲದಲ್ಲೋ ಸಿಡಿಲು ಬಡಿದು ತುದಿ ಬಿದ್ದಿತ್ತಂತೆ, ಸವಣೂರಿನಿಂದ ಬಂದ ಗೌಂಡಿ ತನಗೆ ಬರುವ ಹಾಗೆ ಅದನ್ನು ಮತ್ತೆ ಕಟ್ಟಿದನಂತೆ. ಸೇತುವೆಯಾಗುವ ಮೊದಲು ಅಲ್ಲಿ ಹರಿಗೋಲು ಹಾಕುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಆಚೆ ದಂಡೆಯಿಂದ ಹೊರಟ ಹರಿಗೋಲಿಗೆ ಕಡವು ಎಲ್ಲಿದೆಯೆಂದು ತೋರಿಸಲು ಆ ಗೂಡಿನಲ್ಲಿ ಔಡಲೆಣ್ಣೆಯ ದೀಪ. ಎಣ್ಣೆಯನ್ನು ಎರಡೂ ದಂಡೆಯ ಮನೆಗಳವರು ಪಾಳಿಯ ಮೇಲೆ ಕೊಡುತ್ತಿದ್ದರು. ಹಚ್ಚುವವರು ಅಂಬಿಗರು.

ನಾನು ಹೋದಾಗ ಆ ಮನೆತನದ ದುರಗವ್ವ ಇದ್ದಳು. ಕಂಬದಿಂದ ನಾಲ್ಕು ಹೆಜ್ಜೆಯಾಚೆ ಅವಳ ಮನೆ. ಗಂಡ ತೀರಿಕೊಂಡಿದ್ದ. ಮಗ ನಾಗಪ್ಪ ಮೀನು ಹಿಡಿದು ಮಾರುತ್ತಿದ್ದ. ಎಣ್ಣೆ ಹೋಗಿ ಕಂದೀಲು ಬಂದು, ಕಂದೀಲು ಹೋಗಿ ಕರೆಂಟು ಬಂದಿತ್ತು. ದುರಗವ್ವ ತನ್ನ ಮನೆಯ ಮೀಟರಿನಿಂದ ತಂತಿ ಎಳೆದು ಗೂಡಿನಲ್ಲಿ ಒಂದು ಬಲ್ಬು ಕೂರಿಸಿದ್ದಳು. ಗುಂಡಿ ಇದ್ದದ್ದು ಅವಳ ಅಡಿಗೆಮನೆಯ ಗೋಡೆಯಲ್ಲಿ. ಮಳೆಗಾಲದ ಸಂಜೆ ರೊಟ್ಟಿ ಬಡಿಯಲು ಕೂರುವ ಮುಂಚೆ ಹೊಳೆಗೆ ಇಳಿದು ನೀರು ನೋಡಿ ಬರುತ್ತಿದ್ದಳು. ಸೇತುವೆ ದಾಟುವ ಹಾಗಿದ್ದರೆ ಗುಂಡಿ ಒತ್ತುತ್ತಿದ್ದಳು. ಇಲ್ಲವಾದರೆ ಇಲ್ಲ. ಕಂಬದಲ್ಲಿ ದೀಪ ಕಂಡರೆ ದಾಟಬೇಕು, ಕಾಣದಿದ್ದರೆ ಆಚೆ ದಂಡೆಯಲ್ಲೇ ಯಾರ ಮನೆಯಲ್ಲಾದರೂ ಉಳಿಯಬೇಕು. ಇದು ಆ ಭಾಗದ ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಮಾತು.

ದುರಗವ್ವ ಮೆತ್ತಗಿನ ಹೆಂಗಸಲ್ಲ. ಬಾಯಿ ಜೋರು. ನಾನು ಬಾಡಿಗೆಗೆ ಬಂದ ವಾರದಲ್ಲೇ, “ಅಕ್ಕಾರ, ನೀವು ಅರಿವಿ ಒಗೀತೀರೋ ಹೊಳಿ ಒಗೀತೀರೋ? ಅಷ್ಟ ಸೋಪ ಹಾಕಿದ್ರ ನನ್ನ ಮಗನ ಮೀನ ಬುರುಗ ಕಾರ್ತಾವ” ಎಂದು ಎಲ್ಲರೆದುರು ಬೈದಿದ್ದಳು. ಮಾರನೆಯ ದಿನ ಅವಳೇ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟು ಹೋದಳು.

ಆಚೆ ದಂಡೆಯ ಊರಿನಿಂದ ನಮ್ಮ ಶಾಲೆಗೆ ಬರುತ್ತಿದ್ದವಳು ಶಕೀಲಾ. ಹಿಂದಿ ಶಿಕ್ಷಕಿ. ಅವಳ ತಂದೆಯದು ಎಲೆಬಳ್ಳಿಯ ತೋಟ. ಸ್ಕೂಟಿಯ ಡಿಕ್ಕಿಯಲ್ಲಿ ದಿನವೂ ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಂಬಾಡಿ ವೀಳ್ಯದೆಲೆ ಇರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಎಲೆ ಮೆಲ್ಲುತ್ತ ಕೂತಾಗ ಒಮ್ಮೆ ಅವಳು, “ಮನಾರದ ದೀಪ ನಿನ್ನೆ ಹತ್ತಲಿಲ್ಲಲ್ರಿ, ಅದಕ್ಕ ಅಪ್ಪ ಈ ದಂಡಿ ಸಂತಿಗೆ ಬಂದಾಂವ ಇಲ್ಲೇ ತಮ್ಮನ ಮನ್ಯಾಗ ಉಳಿದ” ಎಂದಳು.

“ಮನಾರ ಅಂದ್ರ?” ಎಂದೆ.

“ಅದೇರಿ, ಕಂಬ. ನಮ್ಮ ಕಡೆ ಮನಾರ ಅಂತೇವಿ.”

“ಮಿನಾರ ಅಂದ್ರ ಮಸೂತಿದು ಅಲ್ಲೇನು?”

ಅವಳು ನಕ್ಕಳು. “ಅದು ಆಮ್ಯಾಲಿಂದ್ರಿ. ನಾರ್ ಅಂದ್ರ ಬೆಂಕಿ, ನೂರ್ ಅಂದ್ರ ಬೆಳಕು. ಮನಾರಾ ಅಂದ್ರ ಬೆಳಕಿಡೂ ಜಾಗ. ಅರಬರು ಮೊದಲ ಹಾಗೆ ಅಂದದ್ದು ಕಡಲ ದಂಡಿ ದೀಪಕ್ಕ. ನಮ್ಮಜ್ಜ ಹಡಗಿನ್ಯಾಗ ಹಜ್‌ಗೆ ಹೋಗಿದ್ದ. ಮುಂಬೈ ದಂಡಿ ಬಿಡೂವಾಗ ದೂರದಾಗ ದೀಪ ತಿರಗತಿತ್ತಂತ. ಹಡಗಿನ ಮಂದಿ ಮನಾರ ಅಂದ್ರಂತ. ಇಂವ, ‘ಇದು ನಮ್ಮ ಕಡವಿನ್ಯಾಗೂ ಐತಿ, ಅಂಬಿಗರ ದುರಗಪ್ಪ ಹಚ್ಚತಾನ’ ಅಂದನಂತ.”

ನನಗೆ ನಾನು ಕಲಿತ ಶಾಲೆ ನೆನಪಾಯಿತು. ದೀಪಸ್ತಂಭ ಎಂಬ ಮಾತನ್ನು ನಾನು ಮೊದಲು ಕಂಡದ್ದು ಪಠ್ಯಪುಸ್ತಕದಲ್ಲಿ, ಸಮುದ್ರದ ಚಿತ್ರದ ಪಕ್ಕದಲ್ಲಿ. “ಹಡಗಕ್ಕ ದಾರಿ ತೋರಿಸೂದು” ಎಂದು ಮಾಸ್ತರರು ಅರ್ಥ ಬರೆಸಿದ್ದರು. ನಮಗೆ ಗೊತ್ತಿದ್ದದ್ದು ಗುಡಿಯ ಮುಂದಿನ ದೀಪಮಾಲೆಯ ಕಂಬ. ಅದನ್ನೂ ದೊಡ್ಡವರು ದೀಪಸ್ತಂಭ ಎನ್ನುತ್ತಿದ್ದರು. “ಹಂಗಾರ ಇಲ್ಲಿಗೆ ಯಾವ ಹಡಗ ಬರ್ತೈತ್ರಿ?” ಎಂದು ಕೇಳಿ ಛಡಿ ಏಟು ತಿಂದದ್ದು ನಾನೇ.

ಅಷ್ಟು ವರ್ಷದ ಮೇಲೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇಲ್ಲಿಗೂ ಬರುತ್ತಿತ್ತು, ಹಡಗಲ್ಲ, ಹರಿಗೋಲು.

ಮುಂದಿನ ಬೇಸಿಗೆಯಲ್ಲಿ ನಾವಿಬ್ಬರೂ ಹುಚ್ಚು ಹಿಡಿದವರ ಹಾಗೆ ಆ ಮಾತಿನ ಬೆನ್ನು ಹತ್ತಿದೆವು. ರಜೆಯಲ್ಲಿ ಬಸ್ಸು ಹತ್ತಿ ಹಾನಗಲ್ಲಿಗೆ ಹೋದೆವು, ಅಬಲೂರಿಗೆ ಹೋದೆವು. ಗುಡಿಗಳ ಮುಂದೆ ನಿಂತು ಕಂಡವರನ್ನೆಲ್ಲ ಕೇಳಿದೆವು. ಅಬಲೂರಿನಲ್ಲಿ ಒಬ್ಬ ಮುದುಕಿ, ತನ್ನ ತವರಿನಲ್ಲಿ ಕಾರ್ತೀಕ ಮುಗಿದರೂ ಕಂಬದ ತುದಿಯ ದೀಪ ಒಂದನ್ನು ಉಳಿಸುತ್ತಿದ್ದರು, ಸುಗ್ಗಿಯಲ್ಲಿ ಹೊಲದಿಂದ ತಡವಾಗಿ ಬರುವವರಿಗೆ ಊರು ಕಾಣಲಿ ಅಂತ, ಎಂದಳು. ಶಿಗ್ಗಾಂವಿಯಲ್ಲಿ ಒಬ್ಬ ಅಂಗಡಿಕಾರ, “ದೀಪಸ್ತಂಭ ಅಂದ್ರ ಸರ್ಕಲ್‌ದಾಗ ಹೊಸಾದು ನಿಲ್ಲಿಸ್ಯಾರಲ್ರಿ, ಉದ್ದಂದು, ಅದಾ” ಎಂದು ಬೀದಿದೀಪ ತೋರಿಸಿದ. ನಕ್ಕೆವು. ಆದರೆ ಅವನು ಹೇಳಿದ್ದೂ ಸುಳ್ಳಲ್ಲ. ಮರಾಠಿಯವರಿಗೆ, ಕರಾವಳಿಯವರಿಗೆ ಅದು ಕಡಲ ದೀಪ, ನಮಗೆ ಗುಡಿಯ ಕಂಬ, ಅವನಿಗೆ ಸರ್ಕಲ್ಲಿನ ಲೈಟು. ಮಿನಾರವೂ ಹಾಗೆಯೇ. ಬೆಳಕಿಡುವ ಜಾಗವಾಗಿದ್ದದ್ದು ಬಾಂಗು ಕೊಡುವ ಜಾಗವಾಯಿತು, ಆಮೇಲೆ ಎತ್ತರದ್ದೆಲ್ಲವೂ ಮಿನಾರವಾಯಿತು. ಎರಡು ಭಾಷೆಯ ಎರಡು ಮಾತು ಒಂದೇ ದಾರಿ ನಡೆದು, ಸಮುದ್ರದಿಂದ ಇಷ್ಟು ದೂರ, ಒಂದೇ ಕಂಬಕ್ಕೆ ಬಂದು ಕೂತಿದ್ದವು. ನಮ್ಮ ಸಂತೋಷ ಹೇಳತೀರದು.

ಅದೇ ಹೊತ್ತಿಗೆ ಕಡವಿನಕೊಪ್ಪದಲ್ಲಿ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಅದರ ಕಮಿಟಿಯ ಅಧ್ಯಕ್ಷರೇ ಫ್ಲೆಕ್ಸಿನ ಯಜಮಾನರು. ಸ್ಮರಣ ಸಂಚಿಕೆಗೆ ಊರ ಬಗ್ಗೆ ಒಂದು ಲೇಖನ ಬೇಕೆಂದು ಮನೆಗೇ ಬಂದು ಕೇಳಿದರು. ನಾನೂ ಶಕೀಲಾಳೂ ಕೂಡಿ ಬರೆದೆವು. ‘ಒಂದು ಕಂಬ, ಎರಡು ಮಾತು’ ಎಂದು ಹೆಸರಿಟ್ಟೆವು.

ಸಂಚಿಕೆ ಅಚ್ಚಾಗಿ ಬಂದಾಗ ಮೊದಲು ನಮ್ಮ ಲೇಖನದ ಪುಟ ತೆರೆದೆ. ತಲೆಬರಹ ‘ನಮ್ಮ ಗುಡಿಯ ಪುರಾತನ ದೀಪಸ್ತಂಭ’ ಎಂದಾಗಿತ್ತು. ಶಕೀಲಾಳ ಹೆಸರಿಲ್ಲ. ಮನಾರ ಇಲ್ಲ, ಅವಳಜ್ಜನ ಹಡಗಿಲ್ಲ. ಹರಿಗೋಲೂ ಇಲ್ಲ, ಅಂಬಿಗರೂ ಇಲ್ಲ. ಕಂಬವು ಮೂಲತಃ ಗುಡಿಯ ಮುಂದೆ ಇದ್ದದ್ದೆಂದೂ ಅದನ್ನು ಮರಳಿ ಅಲ್ಲಿಗೆ ತರಬೇಕೆಂದೂ ನಾನು ಬರೆಯದ ಎರಡು ಪ್ಯಾರಾ ನನ್ನ ಹೆಸರಿನಲ್ಲಿ ಸೇರಿದ್ದವು.

ಯಜಮಾನರ ಮನೆಗೆ ಹೋದೆ. “ನಾ ಬರದದ್ದು ಇದಲ್ರಿ” ಎಂದೆ.

“ಅಕ್ಕಾರ, ಕುಂತ್ರಿ ಮೊದಲ. ಚಾ ತಗೋರಿ. ನೀವು ಬರದದ್ದು ಬಾಳ ಉದ್ದ ಆಗಿತ್ತು. ಮಂದಿಗೆ ತಿಳಿಯೂ ಹಂಗ ಮಾಡೇವಿ.”

“ಸುಳ್ಳ ಸೇರಿಸೀರಿ.”

“ಸುಳ್ಳ ಹೆಂಗ? ದೀಪಸ್ತಂಭ ಅಂತ ನೀವ ಬರದೀರಿ. ದೀಪಸ್ತಂಭ ಗುಡಿ ಮುಂದ ಇರ್ತೈತೋ ಹೊಳ್ಯಾಗ ಇರ್ತೈತೋ?”

ಅತ್ತ ಆಚೆ ದಂಡೆಯಲ್ಲಿ ಇನ್ನೊಬ್ಬ ಮುಖಂಡರಿದ್ದರು. ಕಾಂಟ್ರಾಕ್ಟರ್ ಸಾಹೇಬರೆಂದೇ ಎಲ್ಲರೂ ಕರೆಯುತ್ತಿದ್ದರು. ಅವರು ಸಂಚಿಕೆ ಹಿಡಿದುಕೊಂಡು ಶಕೀಲಾಳ ಮನೆಗೆ ಹೋದರಂತೆ. “ನೀನು ಓದಿದಾಕಿ. ಅದು ಮಿನಾರ್ ಅಂತ ಬರದ ಕೊಡು. ಮ್ಯಾಲ ಗುಂಬಜ್ ಐತಿಲ್ಲೋ?” ಎಂದರಂತೆ. ಅವಳು, “ಮನಾರ ಅಂದ್ರ ಬೆಳಕಿಡೂ ಜಾಗ, ಅದು ಯಾರ ಅಪ್ಪಂದೂ ಅಲ್ಲ” ಎಂದಳಂತೆ. ಅಂದಿನಿಂದ ಅವಳ ತಂದೆಯ ಎಲೆಗೆ ಆ ಊರಿನಲ್ಲಿ ಒಂದಲ್ಲ ಒಂದು ಕಾಟ.

ಒಂದು ಬೆಳಿಗ್ಗೆ ಕಂಬದ ಬುಡಕ್ಕೆ ಒಂದು ಬಣ್ಣ ಬಳಿದಿತ್ತು. ಮಾರನೆಯ ಬೆಳಿಗ್ಗೆ ತುದಿಗೆ ಇನ್ನೊಂದು ಬಣ್ಣ. ಎರಡೂ ಕಡೆಯಿಂದ ಕೋರ್ಟಿಗೆ ಅರ್ಜಿ ಹೋದವು. ಮಿರಗದ ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ ಜೀಪಿನಲ್ಲಿ ಒಬ್ಬ ಅಧಿಕಾರಿ, ಪೊಲೀಸರು, ತಗಡಿನ ಹಾಳೆಗಳು ಬಂದವು. ಕಂಬದ ಸುತ್ತ ಬುಡದಿಂದ ತುದಿಯವರೆಗೆ ತಗಡು ಬಡಿದರು. ಬಲ್ಬಿನ ತಂತಿ ಕತ್ತರಿಸಿದರು.

ದುರಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಧಿಕಾರಿಯ ಎದುರು ನಿಂತಳು. “ಸಾಹೇಬರ, ತಗಡ ಬಡೀರಿ, ಬ್ಯಾಡ ಅನ್ನಂಗಿಲ್ಲ. ದೀಪಾ ಯಾಕ ತಗೀತೀರಿ?”

“ದೀಪಾ ಹಚ್ಚಿದ್ರ ಅದು ಪೂಜಾ ಆಕ್ಕೈತಿ ಅಜ್ಜಿ. ಅವರು ತಕರಾರ ಮಾಡ್ತಾರ. ಅವರಿಗೆ ಹಚ್ಚಾಕ ಹೇಳಿದ್ರ ಇವರು ಮಾಡ್ತಾರ.”

“ಹಂಗಾರ ನಿಮ್ಮ ತಕರಾರ ಮುಗಿಯೂತನಾ ಏರಬ್ಯಾಡ ಅಂತ ಹೊಳಿಗೂ ಒಂದು ನೋಟೀಸ ಕೊಡ್ರಿ.”

ಸುತ್ತ ನಿಂತವರು ನಕ್ಕರು. ಅಧಿಕಾರಿಗೆ ಸಿಟ್ಟು ಬಂತು. ಯಥಾಸ್ಥಿತಿ ಕಾಪಾಡಬೇಕೆಂದು ಆದೇಶವಿದೆ ಎಂದು ಗದರಿದ.

ನಾನು ಮುಂದೆ ಹೋದೆ. “ಯಥಾಸ್ಥಿತಿ ಅಂದ್ರ ಇದ್ದದ್ದು ಇದ್ದಂಗ ಅಂತ ಅರ್ಥರಿ. ದೀಪಾ ಉರೀತಿತ್ತು. ಉರೀಬೇಕು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಇವತ್ತ ಹೆಂಗ ಐತಿ ಹಂಗ ಅಂತ ಅರ್ಥರಿ ಮೇಡಂ. ಇವತ್ತ ಆರೈತಿ.”

ಕನ್ನಡ ಕಲಿಸುವವಳಿಗೆ ಕನ್ನಡದ ಅರ್ಥ ಹೇಳಿ ಅವನು ಜೀಪು ಹತ್ತಿದ.

ನಾಲ್ಕು ದಿನ ಬಿಟ್ಟು ನಾನೂ ಶಕೀಲಾಳೂ ದೀಪದ ಬಗ್ಗೆ ಕೇಳಲು ಸವಣೂರಿಗೆ ಹೋಗಿದ್ದೆವು. ಕಚೇರಿಯಲ್ಲಿ ಯಾರೂ ಸಿಗಲಿಲ್ಲ. ವಾಪಸು ಬರುವಾಗ ಸವಣೂರಿನ ಹೆಸರಾದ ಕುರುಕಲು ಖಾರ ಕಟ್ಟಿಸಿಕೊಳ್ಳಲು ಅಂಗಡಿಗೆ ಹೋದರೆ, ಒಳಗಿನ ಬೆಂಚಿನ ಮೇಲೆ ಯಜಮಾನರೂ ಕಾಂಟ್ರಾಕ್ಟರ್ ಸಾಹೇಬರೂ ತೊಡೆಗೆ ತೊಡೆ ಹಚ್ಚಿ ಕೂತಿದ್ದರು. ಒಂದೇ ಕಾಗದದ ಮೇಲೆ ಹರವಿದ ಖಾರ. ಒಬ್ಬರು ಉಳ್ಳಾಗಡ್ಡಿ ಬೇಡಿದರೆ ಇನ್ನೊಬ್ಬರು ಸರಿಸಿಕೊಡುತ್ತಿದ್ದರು.

ಶಕೀಲಾ ನೇರ ಹೋಗಿ ಅವರೆದುರು ನಿಂತಳು. “ಬಾಳ ಚಲೋ ಆತ್ರಿ, ಇಬ್ಬರೂ ಕೂಡೇ ಸಿಕ್ರಿ. ತಗಡಿನ ಮ್ಯಾಲಾದ್ರೂ ಒಂದು ದೀಪಾ ಇಡಾಕ ಇಬ್ಬರೂ ಕೂಡಿ ಒಂದು ಮಾತ ಹೇಳ್ರಿ. ಮಳಿ ಹತ್ತೇತಿ.”

ಯಜಮಾನರು ಬಾಯಲ್ಲಿದ್ದದ್ದು ನುಂಗಿ, “ತಂಗೀ, ಅದು ಮಂದಿ ಭಾವನಾದ ಪ್ರಶ್ನೆ. ನಮ್ಮ ಕೈಯಾಗ ಏನೈತಿ?” ಎಂದರು.

ಕಾಂಟ್ರಾಕ್ಟರ್ ಸಾಹೇಬರು, “ಹೊಸಾ ಬ್ರಿಜ್ ಬರತೈತೇಳು” ಎಂದರು. ಹಾಗೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸಣ್ಣಗೆ ನಕ್ಕರು. ಆ ನಗು ನನ್ನ ಕಣ್ಣ ಮುಂದಿನಿಂದ ಇಂದಿಗೂ ಹೋಗಿಲ್ಲ.

ಆರಿದ್ರಾ ಮಳೆ ಸುಮ್ಮನೆ ಹೋಯಿತು. ಪುನರ್ವಸುವಿನಲ್ಲಿ ಹಾನಗಲ್ಲಿನ ಮೇಲುಗಡೆ ಮಳೆ ಹಿಡಿಯಿತು, ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಕೆಂಪಾಗಿ ಏರತೊಡಗಿತು. ಆಗ ಗೊತ್ತಾಯಿತು ನಮಗೆ, ಕಳೆದದ್ದು ಬರೀ ಒಂದು ಬಲ್ಬಲ್ಲ ಎಂದು. ಮುಂಚೆ ಕಂಬ ಕತ್ತಲಾಗಿದ್ದರೆ ಮಂದಿ ನಿಲ್ಲುತ್ತಿದ್ದರು. ಈಗ ಕಂಬ ದಿನವೂ ಕತ್ತಲು. ಹಾಗಾದರೆ ನಿಲ್ಲಬೇಕೋ ಹೋಗಬೇಕೋ? ಯಾರಿಗೂ ತಿಳಿಯದು. ಒಬ್ಬ ಹೋದರೆ ಅವನ ಹಿಂದೆ ಇನ್ನೊಬ್ಬ. ಒಂದು ಸಂಜೆ ಬೈಕಿನವನೊಬ್ಬ ಅಂಚು ತಪ್ಪಿ ಬಿದ್ದ. ನಾಗಪ್ಪ ಹಗ್ಗ ಎಸೆದು ಅವನನ್ನು ಎಳೆದ, ಬೈಕು ಹೋಯಿತು.

ಅಂದಿನಿಂದ ದುರಗವ್ವ ಹಳೆಯ ಕಂದೀಲು ಒರೆಸಿ ಹೊರಗೆ ತೆಗೆದಳು. ಸಂಜೆಯಾದರೆ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಸೇತುವೆಯ ಬಾಯಿಗೆ ಹೋಗಿ ನಿಲ್ಲುತ್ತಿದ್ದಳು. ನೀರು ಕಡಿಮೆಯಿದ್ದರೆ ಕಂದೀಲು ಎತ್ತಿ ಹಿಡಿಯುವಳು. ಹೆಚ್ಚಿದ್ದರೆ ಅದನ್ನು ಅತ್ತಿಂದಿತ್ತ ಬೀಸಿ, “ಬರಬ್ಯಾಡ್ರೋ” ಎಂದು ಕೂಗುವಳು.

“ಯವ್ವಾ, ವಯಸ್ಸಾತು, ಮಳ್ಯಾಗ ನಿಂದರಬ್ಯಾಡ. ನಾ ನಿಂದರತೇನಿ” ಎಂದು ನಾಗಪ್ಪ ಜಗಳಾಡಿದ.

“ನೀ ಬಲಿ ಬಿಡಾಕ ಹೋಗು. ನಿನ್ನ ದನಿ ಆ ದಂಡಿಗೆ ಮುಟ್ಟಂಗಿಲ್ಲ” ಎಂದಳು. ನನ್ನ ಕಡೆ ತಿರುಗಿ, “ನೋಡ್ರಿ ಅಕ್ಕಾರ, ಕಂಬಕ್ಕ ಕೋರ್ಟ ಐತಿ, ನನಗಿಲ್ಲ. ನನ್ನ ಸುತ್ತ ತಗಡ ಬಡೀಲಿ ನೋಡೂಣು” ಎಂದು ಗೊಳ್ಳನೆ ನಕ್ಕಳು.

ಪುಷ್ಯದ ಮಳೆಯ ಒಂದು ಸಂತೆಯ ದಿನ. ಸವಣೂರಿನಲ್ಲಿ ನಮಗೊಂದು ತರಬೇತಿಯಿತ್ತು. ಮುಗಿಯುವಾಗ ಸಂಜೆಯಾಯಿತು. ಶಕೀಲಾ ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊಳೆಯವರೆಗೆ ಬಿಡಲು ಬಂದಳು. ಮಳೆ ಎಷ್ಟು ಜೋರಿತ್ತೆಂದರೆ ಎದುರಿನ ಬೇಲಿಯೇ ಕಾಣುತ್ತಿರಲಿಲ್ಲ. ಆಚೆ ದಂಡೆಗೆ ನಾವು ಬಂದು ಮುಟ್ಟಿದಾಗ ನಮ್ಮ ಮುಂದೆ ಒಂದು ಟಂಟಂ ಆಟೋ ನಿಂತಿತ್ತು. ಅದರ ತುಂಬ ಸಂತೆ ಮುಗಿಸಿ ಬಂದ ಕಡವಿನಕೊಪ್ಪದ ಹೆಂಗಸರು, ಕಾಯಿಪಲ್ಲೆಯ ಬುಟ್ಟಿ, ಮಡಿಲಲ್ಲಿ ಕೂಸುಗಳು. ಓಡಿಸುವವ ಹೊರಗಿನವ, ಹಾವೇರಿ ಕಡೆಯವ. ತನ್ನ ದಾರಿಯಲ್ಲಿ ಮಂದಿ ಸಿಗದೆ ಅಂದು ಆ ದಾರಿಗೆ ಬಂದಿದ್ದ.

ಎದುರಿಗೆ, ಕಡವಿನಕೊಪ್ಪದ ಕಡೆ, ನೀರಿನ ಮೇಲೆ, ಒಂದು ಹಳದಿ ಬೆಳಕು ಕಂಡಿತು.

ಟಂಟಂನ ಒಳಗಿನಿಂದ ಯಾರೋ, “ದೀಪಾ ಕಾಣ್ತು, ದೀಪಾ ಕಾಣ್ತು, ಹೊಡಿಯಪಾ” ಎಂದರು.

ತಲೆಮಾರುಗಳಿಂದ ಬಂದ ಮಾತು. ದೀಪ ಕಂಡರೆ ದಾಟು. ಮಳೆಯಲ್ಲಿ ಅದು ಕಂಬದ ದೀಪವೋ ಕೈಯಲ್ಲಿ ಬೀಸುವ ಕಂದೀಲೋ ಗೊತ್ತಾಗಲು ಹೇಗೆ ಸಾಧ್ಯ? ಆ ಹೆಂಗಸರು ಕಂಬಕ್ಕೆ ತಗಡು ಬಡಿದದ್ದನ್ನು ಕಣ್ಣಾರೆ ಕಂಡವರು. ಆದರೂ ದಣಿದ ಕಣ್ಣಿಗೆ ದೀಪ ಕಂಡಾಗ ತಗಡು ನೆನಪಾಗುವುದಿಲ್ಲ, ಮನೆ ನೆನಪಾಗುತ್ತದೆ.

ಟಂಟಂ ಸೇತುವೆಗೆ ಇಳಿಯಿತು. ನಾನೂ ಶಕೀಲಾಳೂ ಕೂಗಿದೆವು. ನಮ್ಮ ದನಿ ನಮಗೇ ಕೇಳಲಿಲ್ಲ. ಶಕೀಲಾ ಹಾರ್ನು ಒತ್ತಿ ಹಿಡಿದಳು. ನೀರು ಗಾಲಿಯ ನಡುಮಟ್ಟ ಬಂತು, ಆದರೂ ಅದು ಮುಂದೆ ಹೋಗುತ್ತಿತ್ತು. ಆಗ ಆ ಹಳದಿ ಬೆಳಕು ದಂಡೆ ಬಿಟ್ಟು ನಮ್ಮ ಕಡೆ ಓಡಿಬರತೊಡಗಿತು. ಅತ್ತಿಂದಿತ್ತ ಹುಚ್ಚೆದ್ದ ಹಾಗೆ ಬೀಸುತ್ತ ಓಡಿಬಂತು. ದುರಗವ್ವ ಮೊಣಕಾಲುಮಟ್ಟದ ನೀರಿನಲ್ಲಿ ಸೇತುವೆಯ ಮೇಲೆ ಓಡುತ್ತಿದ್ದಳು. ನಡುವೆ, ತಗ್ಗಿರುವಲ್ಲಿ, ಟಂಟಂನ ಎದುರಿಗೆ ಬಂದು ಕಂದೀಲನ್ನು ಚಾಲಕನ ಮುಖಕ್ಕೇ ಹಿಡಿದಳು. ಅವನು ಬ್ರೇಕು ಒತ್ತಿದ. ಅವಳು ಬಾಯಿ ತೆರೆದು ಏನೋ ಬೈದದ್ದು ಕಂಡಿತು. ಟಂಟಂ ಹಿಂದಕ್ಕೆ ಸರಿಯತೊಡಗಿತು. ಹೆಂಗಸರು ಇಳಿದು ಹಿಂದಿನಿಂದ ಹಿಡಿದು ಎಳೆದರು, ನಾವೂ ನೀರಿಗಿಳಿದು ಎಳೆದೆವು.

ಗಾಲಿ ದಂಡೆಗೆ ಹತ್ತಿದಾಗ ನಾನು ತಿರುಗಿ ನೋಡಿದೆ. ಬೆಳಕು ಇರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕೆಳಗಿನ ಊರಿನ ಜಾಲಿಮುಳ್ಳಿನ ಪೊದೆಯಲ್ಲಿ ನಾಗಪ್ಪನೇ ಅವಳನ್ನು ಕಂಡ. ಮೀನು ಹಿಡಿಯುವ ಕೈಯಿಂದ ತಾಯಿಯನ್ನು ಎತ್ತಿ ತಂದ. ಪಂಚನಾಮೆಯಲ್ಲಿ ‘ಆಕಸ್ಮಿಕವಾಗಿ ಕಾಲುಜಾರಿ’ ಎಂದು ಬರೆದರು. ಶಕೀಲಾ ಹೆಣದ ಪಕ್ಕದಲ್ಲಿ ಕೂತು, “ಕಾಲು ಜಾರಲಿಲ್ಲ, ನಾವು ನೋಡೇವಿ, ಬರ್ಕೊಳ್ರಿ” ಎಂದು ಗಂಟಲು ಹರಿಯುವ ಹಾಗೆ ಹೇಳಿದಳು. “ಅಳಬ್ಯಾಡ್ರಿ ಬಾಯಾರ” ಎಂದು ಪೊಲೀಸನು ಪೆನ್ನು ಮುಚ್ಚಿದ. ಅವಳು ಅಳುತ್ತಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟು ದುಃಖವಾಗಿ ತಣ್ಣಗಾಗುತ್ತಿತ್ತೋ ಏನೋ. ಮೂರನೆಯ ದಿನವೇ ಕಂಬದ ತಗಡಿಗೆ ಒಂದು ಫ್ಲೆಕ್ಸು ಕಟ್ಟಿದರು. ದುರಗವ್ವನ ಆಧಾರ್ ಕಾರ್ಡಿನ ಚಿತ್ರ ದೊಡ್ಡದಾಗಿ, ಅದರ ಮೇಲೆ ಯಜಮಾನರ ಚಿತ್ರ ಇನ್ನೂ ದೊಡ್ಡದಾಗಿ. ‘ತ್ಯಾಗದ ದೀಪಸ್ತಂಭ ಶ್ರೀಮತಿ ದುರಗವ್ವ ಅಂಬಿಗೇರ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಆಚೆ ದಂಡೆಯಲ್ಲಿ ಇನ್ನೊಂದು. ‘ಮಾನವೀಯತೆಯ ಮಿನಾರ.’ ಅದರಲ್ಲಿ ಕಾಂಟ್ರಾಕ್ಟರ್ ಸಾಹೇಬರು.

ದೀಪ ಇಡುವ ಜಾಗ ಎಂಬ ಸಾದಾ ಮಾತು. ಅದನ್ನು ಮೊದಲು ತಮ್ಮ ಗುಡಿಗೆ, ತಮ್ಮ ಮಸೂತಿಗೆ ಕಟ್ಟಿಹಾಕಿದರು. ಆಮೇಲೆ ಅದರೊಳಗಿನ ದೀಪ ಕಿತ್ತರು. ಕಿತ್ತ ದೀಪದ ಬದಲಿಗೆ ಒಬ್ಬ ಹೆಂಗಸು ತಾನೇ ಹೋಗಿ ನಿಂತು ಸತ್ತರೆ, ಖಾಲಿಯಾದ ಆ ಮಾತನ್ನು ತಂದು ಅವಳ ಕೊರಳಿಗೆ ಹಾರವಾಗಿ ಹಾಕಿದರು!

ಗುಡಿಯ ಮುಂದಿನ ಪೆಂಡಾಲಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಎರಡೂ ದಂಡೆಯ ಮುಖಂಡರು ಒಂದೇ ವೇದಿಕೆಯ ಮೇಲೆ. ಸೌಹಾರ್ದದ ಸಭೆಯೆಂದು ಪೇಪರಿನವರನ್ನೂ ಕರೆಸಿದ್ದರು. ನಿರೂಪಣೆ ಮಾಡಲು ಹೇಳಿದ್ದು ನನಗೆ. “ಒಳ್ಳೆ ಶಬ್ದ ಹಾಕಿ ಮಾತಾಡ್ರಿ ಅಕ್ಕಾರ, ನಿಮಗ ಕನ್ನಡಾ ಚಲೋ ಬರ್ತೈತಿ” ಎಂದರು ಯಜಮಾನರು. ಒಪ್ಪಿಕೊಂಡೆ. ಮೈಕು ಬೇರೆ ಯಾವ ರೀತಿಯಲ್ಲೂ ನನ್ನ ಕೈಗೆ ಬರುತ್ತಿರಲಿಲ್ಲ.

ನಾಗಪ್ಪನಿಗೆ ಶಾಲು ಹೊದಿಸಲು ಕರೆಯಬೇಕಾಗಿತ್ತು. ಕರೆಯಲಿಲ್ಲ. ಹೇಳಿದೆ:

“ದುರಗವ್ವ ದೀಪಸ್ತಂಭ ಅಲ್ಲ. ಮಿನಾರನೂ ಅಲ್ಲ. ಅಕಿ ಮನುಷ್ಯಾಳು. ದೀಪಸ್ತಂಭ ಕಲ್ಲಿಂದು, ಅದು ಅಲ್ಲಿ ತಗಡಿನೊಳಗ ನಿಂತೈತಿ. ಅದರಾಗಿನ ದೀಪಾ ತಗಸಿದವರು ಈ ವೇದಿಕಿ ಮ್ಯಾಲ ಕುಂತಾರ. ದೀಪಾ ಅಲ್ಲಿ ಇದ್ದಿದ್ರ ಅಕಿ ಇವತ್ತ ಮನ್ಯಾಗ ಕುಂತು ರೊಟ್ಟಿ ಬಡೀತಿದ್ಲು…”

ಮೈಕು ಸತ್ತಿತು. ಯಾರೋ ವಯರು ಎಳೆದಿದ್ದರು. ನಾನು ನಿಲ್ಲಿಸಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ದನಿ ನನಗಿದೆ. ಖಾರದ ಅಂಗಡಿಯ ಬೆಂಚಿನ ಸುದ್ದಿಯನ್ನೂ ಹೇಳಿದೆ. ಯಾರೋ ನನ್ನ ತೋಳು ಹಿಡಿದು ಎಳೆದರು. ಶಕೀಲಾ ಹೆಂಗಸರ ನಡುವಿನಿಂದ ಎದ್ದು ಬಂದು ನನ್ನ ಇನ್ನೊಂದು ತೋಳು ಹಿಡಿದು ನಿಂತಳು. “ಬಿಡ್ರಿ. ಅಕಿ ಹೇಳೂದೆಲ್ಲಾ ಖರೇ ಐತಿ. ನಾನೂ ಅಲ್ಲೇ ಇದ್ದೆ” ಎಂದಳು.

ಅಷ್ಟರಲ್ಲಿ ಟಂಟಂನಲ್ಲಿದ್ದ ಒಬ್ಬ ಹೆಂಗಸು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. “ಕುಂದರ್ರಿ ಕುಂದರ್ರಿ, ಊಟದ ವ್ಯವಸ್ಥಾ ಐತಿ” ಎಂದು ಯಜಮಾನರು ವೇದಿಕೆಯಿಂದ ಕೈ ಮಾಡಿದರು. ಯಾರೂ ಕೂರಲಿಲ್ಲ. ಹೆಂಗಸರು ಪೆಂಡಾಲು ಖಾಲಿ ಮಾಡಿ ಹೋದರು. ನಾಗಪ್ಪ ಅವರ ಹಿಂದೆ ಹೋದ. ಶಾಲು ತಟ್ಟೆಯಲ್ಲೇ ಉಳಿಯಿತು.

ಅದರಿಂದ ಏನಾಯಿತು ಎಂದು ಕೇಳಿದರೆ, ಹೆಚ್ಚೇನೂ ಆಗಲಿಲ್ಲ. ದಸರೆಯ ಮುಂಚೆ ಆಡಳಿತದ ಕಾರಣ ಹೇಳಿ ನನ್ನನ್ನು ಹಿರೇಕೆರೂರು ತಾಲೂಕಿನ ಒಂದು ಶಾಲೆಗೆ ಹಾಕಿದರು. ಶಿಕ್ಷೆಯೆಂದು ಹಾಕಿದ್ದು, ಅದು ನನ್ನ ತವರಿಗೆ ಹತ್ತಿರ ಎಂಬುದು ಅವರಿಗೆ ಹೊಳೆದಿರಲಿಲ್ಲ. ಶಕೀಲಾ ಅಲ್ಲೇ ಉಳಿದಳು. ಅವಳ ತಂದೆ ಈಗ ಎಲೆಯನ್ನು ನೇರ ಹಾನಗಲ್ಲಿನ ಸಂತೆಗೆ ಒಯ್ಯುತ್ತಾರೆ. ಕೇಸು ನಡೆದೇ ಇದೆ. ತಗಡಿಗೆ ತುಕ್ಕು ಹಿಡಿದಿದೆಯಂತೆ. ಹೊಸ ಸೇತುವೆಯ ನಾಲ್ಕು ಕಂಬ ಎದ್ದು ನಿಂತು, ಕೆಲಸ ನಿಂತಿದೆ. ಮಂದಿ ಇನ್ನೂ ತಗ್ಗಿನ ಸೇತುವೆಯನ್ನೇ ದಾಟುತ್ತಾರೆ.

ಮೊನ್ನೆ ಶಕೀಲಾ ಫೋನು ಮಾಡಿದ್ದಳು. ನಾಗಪ್ಪ ಈ ಮಳೆಗಾಲಕ್ಕೆ ಮನೆಯ ಮಾಳಿಗೆಯ ಮೇಲೆ ಒಂದು ಬಿದಿರಿನ ಗಳ ನಿಲ್ಲಿಸಿ ಅದರ ತುದಿಗೆ ಬಲ್ಬು ಕಟ್ಟಿದ್ದಾನಂತೆ. ನೀರು ನೋಡಿ ಬಂದು ಹಚ್ಚುವುದು, ಇಲ್ಲ ಬಿಡುವುದು, ಅವನ ಹೆಂಡತಿ. ನಾಲ್ಕು ದಿನಕ್ಕೇ ಊರಿನ ಹಿರಿಯರಿಬ್ಬರನ್ನು ಮುಂದಿಟ್ಟುಕೊಂಡು ಪೊಲೀಸಿನವನು ಬಂದನಂತೆ. ವಿವಾದದ ಜಾಗದ ಪಕ್ಕ ದೀಪಸ್ತಂಭ ನಿಲ್ಲಿಸಲು ಯಾರ ಪರವಾನಗಿ ಇದೆ ಎಂದು ಕೇಳಿದನಂತೆ.

ನಾಗಪ್ಪ ಬಲೆ ಹೊಲಿಯುತ್ತ ಕೂತಿದ್ದವನು ತಲೆ ಎತ್ತಲಿಲ್ಲವಂತೆ.

“ದೀಪಸ್ತಂಭ ಗೀಪಸ್ತಂಭ ನನಗ ಗೊತ್ತಿಲ್ರಿ. ಅದು ನನ್ನ ಮನಿ ದೀಪ. ಹೊಳಿಗೆ ಕಂಡ್ರ ನಾ ಏನ್ ಮಾಡ್ಲಿ?”